ಅಮೆರಿಕದಲ್ಲಿ ನರ್ಸ್‌ಗಳ ತಾತ್ಕಾಲಿಕ ಪರ್ಮಿಟ್ ಮತ್ತು ಲೈಸೆನ್ಸ್ ನವೀಕರಣ: ಅನುಭವಿಗಳಿಂದ ಸಲಹೆ ಬೇಕಾಗಿದೆ

ಬಿಳಿಕೋಟು

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಊರಿನಲ್ಲಿ ಐಸಿಯು ವಿಭಾಗದಲ್ಲಿ ಕೆಲಸ ಮಾಡಿದವಳು. ಪತಿಯ ಉದ್ಯೋಗದ ಕಾರಣದಿಂದ ಈಗ ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿದ್ದೇನೆ. ಉದ್ಯೋಗದ ಅನುಮತಿ ಪತ್ರವೂ ಕೈಯಲ್ಲಿದೆ. ಆರ್‌ಎನ್, ಅಂದರೆ ನೋಂದಾಯಿತ ನರ್ಸ್ ಲೈಸೆನ್ಸಿಗೆ ಅರ್ಜಿ ಹಾಕಿದ್ದು, ನನ್ನ ಶಿಕ್ಷಣದ ದಾಖಲೆಗಳ ಪರಿಶೀಲನೆ ನಡೆಯುತ್ತಿದೆ. ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯುವುದಕ್ಕೆ ಮೊದಲೇ ತಾತ್ಕಾಲಿಕ ಪರ್ಮಿಟ್ ಪಡೆದು ಕೆಲಸಕ್ಕೆ ಸೇರಬಹುದೆಂದು ಒಬ್ಬರು ಹೇಳಿದರು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ನಾದಿನಿ ಅದಕ್ಕೆ ಆರು ತಿಂಗಳ ಅವಧಿ ಎನ್ನುತ್ತಾರೆ, ಟೆಕ್ಸಸ್‌ನಲ್ಲಿರುವ ಸಹಪಾಠಿ 75 ದಿನ ಎನ್ನುತ್ತಾಳೆ, ಇಲ್ಲಿಯವರು ಒಂದು ವರ್ಷ ಎನ್ನುತ್ತಾರೆ. ನವೀಕರಣದ ವಿಷಯದಲ್ಲಿಯೂ ಇದೇ ಗೊಂದಲ: ಒಬ್ಬರಿಗೆ ಎರಡು ವರ್ಷಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣ ಬೇಕಂತೆ, ಇನ್ನೊಬ್ಬರಿಗೆ ಗಂಟೆಗಳ ಲೆಕ್ಕವೇ ಇಲ್ಲವಂತೆ. ಮುಂದಿನ ವರ್ಷ ನಾವು ಟೆಕ್ಸಸ್‌ಗೆ ಸ್ಥಳಾಂತರಗೊಳ್ಳುವ ಸಂಭವವೂ ಇರುವುದರಿಂದ, ಈಗ ಪರ್ಮಿಟ್ ಪಡೆಯುವುದು ಜಾಣತನವೇ, ಅಥವಾ ಲೈಸೆನ್ಸ್ ಬರುವವರೆಗೆ ಕಾಯುವುದು ಒಳ್ಳೆಯದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಹಿರಿಯ ಸಿಸ್ಟರ್

ನಿಮಗೆ ಹೇಳಿದವರಲ್ಲಿ ಯಾರೂ ಸುಳ್ಳು ಹೇಳಿಲ್ಲ ಸಿಸ್ಟರ್. ಅಮೆರಿಕದಲ್ಲಿ ನರ್ಸ್‌ಗಳಿಗೆ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ. ಅದರ ಹಿಂದಿನ ಮತ್ತು ಮುಂದಿನ ನಿಯಮಗಳೆಲ್ಲ ರಾಜ್ಯಕ್ಕೊಂದು. ಆದ್ದರಿಂದ ಬೇರೆ ರಾಜ್ಯದವರ ಅನುಭವವನ್ನು ಕೇಳಿಸಿಕೊಳ್ಳಬಹುದೇ ಹೊರತು ಅದರಂತೆ ಅರ್ಜಿ ಹಾಕಬಾರದು.

ನೀವಿರುವ ನ್ಯೂಯಾರ್ಕಿನಲ್ಲಿ ಇದನ್ನು ಲಿಮಿಟೆಡ್ ಪರ್ಮಿಟ್ ಎನ್ನುತ್ತಾರೆ. ಪರೀಕ್ಷೆಯೊಂದನ್ನು ಬಿಟ್ಟು ಲೈಸೆನ್ಸಿಗೆ ಬೇಕಾದ ಉಳಿದೆಲ್ಲ ಅರ್ಹತೆಗಳನ್ನು ಪೂರೈಸಿದವರಿಗೆ ಇದು ಸಿಗುತ್ತದೆ. ಪರ್ಮಿಟ್ ಒಂದು ವರ್ಷ ನಡೆಯುತ್ತದೆ ಎಂಬುದು ನಿಜ, ಆದರೆ ಅದು ಅರ್ಧ ಮಾತು. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಸುದ್ದಿ ಅಭ್ಯರ್ಥಿಗೆ ತಲುಪಿದ ಹತ್ತು ದಿನಗಳಿಗೆ, ಅಥವಾ ಲೈಸೆನ್ಸಿನ ಅರ್ಜಿ ತಿರಸ್ಕೃತವಾದ ಕೂಡಲೇ, ಅದು ಕೊನೆಗೊಳ್ಳುತ್ತದೆ. ಈ ಮೂರರಲ್ಲಿ ಯಾವುದು ಮೊದಲು ಬರುವುದೋ ಅದೇ ಕೊನೆ. ಕೆಲಸ ಮಾಡುವಾಗ ನೋಂದಾಯಿತ ಆರ್‌ಎನ್ ಒಬ್ಬರ ಮೇಲ್ವಿಚಾರಣೆಯಲ್ಲಿರಬೇಕು, ಮತ್ತು ಕೆಲಸಕ್ಕೆ ತೆಗೆದುಕೊಳ್ಳುವ ಸಂಸ್ಥೆಯ ಅನುಮೋದನೆ ಬೇಕು. ಅಂದರೆ ಮೊದಲು ಪರ್ಮಿಟ್ ಪಡೆದು ಆಮೇಲೆ ಕೆಲಸ ಹುಡುಕುವ ಕ್ರಮ ಇಲ್ಲಿ ನಡೆಯುವುದಿಲ್ಲ. ಕೆಲಸ ಕೊಡುವವರು ಸಿಕ್ಕ ಮೇಲೆಯೇ ಪರ್ಮಿಟ್.

ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಇಂಟೆರಿಮ್ ಪರ್ಮಿಟ್. ಅವಧಿ ಗರಿಷ್ಠ ಆರು ತಿಂಗಳು ಅಥವಾ ಪರೀಕ್ಷೆಯ ಫಲಿತಾಂಶ ಬರುವವರೆಗೆ. ಅಲ್ಲಿ ಪರ್ಮಿಟ್ ಇರುವವರು ತಮ್ಮನ್ನು ಆರ್‌ಎನ್ ಎಂದು ಕರೆದುಕೊಳ್ಳುವಂತಿಲ್ಲ. ಹೆಸರಿನ ಮುಂದೆ ಐ.ಪಿ. ಎಂದಷ್ಟೇ ಬರೆಯಬೇಕು. ಮೇಲ್ವಿಚಾರಕ ಆರ್‌ಎನ್ ಅದೇ ಘಟಕದಲ್ಲಿ ಹಾಜರಿರಬೇಕು. ಟೆಕ್ಸಸ್‌ನಲ್ಲಿ ಹೊಸ ಪದವೀಧರರಿಗೆ ಜಿ.ಎನ್., ಅಂದರೆ ಗ್ರಾಜುಯೇಟ್ ನರ್ಸ್ ಪರ್ಮಿಟ್ ಸಿಗುತ್ತದೆ. ಅದಕ್ಕೆ 75 ದಿನ, ಮುಂದುವರಿಸುವ ಅವಕಾಶವಿಲ್ಲ, ಹಿಂದೆ ಒಮ್ಮೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೆ ಸಿಗುವುದೇ ಇಲ್ಲ. ಜಿ.ಎನ್. ಆಗಿರುವವರನ್ನು ಚಾರ್ಜ್ ನರ್ಸ್ ಮಾಡುವಂತಿಲ್ಲ, ಸ್ವತಂತ್ರವಾಗಿ ಕೆಲಸ ಮಾಡಬೇಕಾದ ಜಾಗಗಳಿಗೆ ಹಾಕುವಂತೆಯೂ ಇಲ್ಲ.

ಹೆಸರು, ಅವಧಿಗಳು ಬೇರೆಯಾದರೂ ಮೂರರ ಸ್ವಭಾವ ಒಂದೇ. ಇದು ಚಿಕ್ಕ ಲೈಸೆನ್ಸ್ ಅಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿಹಾಕಿದ, ಇನ್ನೊಬ್ಬ ನರ್ಸಿನ ಮೇಲ್ವಿಚಾರಣೆಗೆ ಒಳಪಟ್ಟ ಒಂದು ಷರತ್ತಿನ ಅನುಮತಿ ಮಾತ್ರ.

ರಾತ್ರಿಪಾಳಿ

ಹಿರಿಯ ಸಿಸ್ಟರ್ ಅವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರಿಗೆ ನನ್ನ ನೇರ ಸಲಹೆ ಎಂದರೆ, ಪರ್ಮಿಟ್ಟಿನ ಹಿಂದೆ ಹೋಗಬೇಡಿ.

ಇಲ್ಲಿಯೇ ಓದಿದ ವಿದ್ಯಾರ್ಥಿನಿಗೆ ಪರ್ಮಿಟ್ಟಿನಿಂದ ನಿಜವಾದ ಲಾಭವಿದೆ. ಅವಳ ಕಾಲೇಜು ಪದವಿಯ ದೃಢೀಕರಣವನ್ನು ನೇರವಾಗಿ ಲೈಸೆನ್ಸ್ ಕೊಡುವ ರಾಜ್ಯದ ನರ್ಸಿಂಗ್ ಬೋರ್ಡಿಗೆ ಕಳುಹಿಸುತ್ತದೆ, ಪರೀಕ್ಷೆಯ ದಿನಾಂಕ ಸಿಗುವವರೆಗಿನ ಅವಧಿಯನ್ನು ಅವಳು ಆಸ್ಪತ್ರೆಯಲ್ಲಿ ಕಳೆಯಬಹುದು. ಹೊರದೇಶದಲ್ಲಿ ಓದಿದ ನಮ್ಮ ಸ್ಥಿತಿ ಹಾಗಲ್ಲ. ನಮ್ಮ ಸಮಯವೆಲ್ಲ ಹೋಗುವುದು ದಾಖಲೆಗಳ ಪರಿಶೀಲನೆಯಲ್ಲಿ: ಕಾಲೇಜಿನಿಂದ ಅಂಕಪಟ್ಟಿ, ವಿಶ್ವವಿದ್ಯಾಲಯದ ದೃಢೀಕರಣ, ರಾಜ್ಯ ನರ್ಸಿಂಗ್ ಪರಿಷತ್ತಿನಿಂದ ನೋಂದಣಿಯ ದೃಢೀಕರಣ, ಇವೆಲ್ಲ ಹೊರದೇಶದ ನರ್ಸ್‌ಗಳ ದಾಖಲೆ ಪರಿಶೀಲಿಸುವ ಟ್ರೂಮೆರಿಟ್‌ನಂಥ (ಹಿಂದಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಗೆ ನೇರವಾಗಿ ತಲುಪಿ ವರದಿ ಸಿದ್ಧವಾಗಬೇಕು. ಪರೀಕ್ಷೆ ಬಿಟ್ಟು ಉಳಿದೆಲ್ಲ ಪೂರೈಸಿದ ಮೇಲೆ ತಾನೇ ಪರ್ಮಿಟ್? ಆ ಹಂತ ತಲುಪುವ ಹೊತ್ತಿಗೆ ಪರೀಕ್ಷೆಗೆ ಕುಳಿತುಕೊಳ್ಳುವ ಅನುಮತಿಯಾದ ಎಟಿಟಿ ಕೂಡ ಹತ್ತಿರ ಬಂದಿರುತ್ತದೆ. ಕೆಲವು ವಾರಗಳ ಸಂಬಳಕ್ಕಾಗಿ ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ, ಅದಕ್ಕಿಂತ ಹೆಚ್ಚಾಗಿ ಹೊಸ ಕೆಲಸದ ಓರಿಯಂಟೇಶನ್ ಜೊತೆಗೇ ಪರೀಕ್ಷೆಯ ಓದು. ಈ ಕೊನೆಯ ಹೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ದೇಶದ ಔಷಧದ ಹೆಸರುಗಳು, ಕಂಪ್ಯೂಟರ್ ಚಾರ್ಟಿಂಗ್, ಉಚ್ಚಾರಣೆ ಇವುಗಳೊಡನೆ ಹೆಣಗಿ ಮನೆಗೆ ಬಂದವರು ಪ್ರಶ್ನೆಪತ್ರಿಕೆ ಬಿಡಿಸಲು ಕುಳಿತರೆ ಏನು ತಲೆಗೆ ಹತ್ತೀತು?

ಅನುತ್ತೀರ್ಣರಾದರೆ ಪರ್ಮಿಟ್ ಹೋಗುತ್ತದೆ, ಮರುಪರೀಕ್ಷೆಗೆ 45 ದಿನ ಕಾಯಬೇಕಾಗುತ್ತದೆ, ಕೆಲಸ ಕೊಟ್ಟವರು ಅಷ್ಟು ದಿನ ಜಾಗ ಖಾಲಿ ಇಟ್ಟುಕೊಳ್ಳುತ್ತಾರೆಂಬ ಭರವಸೆ ಇಲ್ಲ. ಕೆಲವು ಆಸ್ಪತ್ರೆಗಳು ಅಂಥವರನ್ನು ನರ್ಸಿಂಗ್ ಸಹಾಯಕರ ಹುದ್ದೆಗೆ ಇಳಿಸಿ ಉಳಿಸಿಕೊಳ್ಳುತ್ತವೆ, ಕೆಲವು ಕೆಲಸದಿಂದಲೇ ತೆಗೆಯುತ್ತವೆ.

ಕಡತ ನೋಡುವವರು

ನಾನು ಆಸ್ಪತ್ರೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನರ್ಸ್‌ಗಳ ಲೈಸೆನ್ಸ್ ಪರಿಶೀಲಿಸುವ ಕೆಲಸದಲ್ಲಿದ್ದೇನೆ. ರಾತ್ರಿಪಾಳಿಯವರ ಮಾತು ಸ್ವಲ್ಪ ಕಠಿಣವಾಯಿತು ಎನ್ನಿಸಿದರೂ ತಳ್ಳಿಹಾಕುವಂಥದ್ದಲ್ಲ. ನರ್ಸಿಂಗ್ ಹೋಮ್‌ಗಳಲ್ಲಿ ಪರ್ಮಿಟ್ಟಿನ ಮೇಲೆ ಸೇರಿ ಆರಾಮವಾಗಿ ಲೈಸೆನ್ಸ್ ಪಡೆದವರೂ ಇದ್ದಾರೆ. ಮನೆ ಖರ್ಚು ಒಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಕೆಲವು ವಾರಗಳ ಸಂಬಳವೂ ಸಣ್ಣದಲ್ಲ. ಅದು ಅವರವರ ಮನೆಯ ಲೆಕ್ಕ.

ಆದರೆ ಎರಡು ವಿಷಯಗಳನ್ನು ಸ್ಪಷ್ಟಪಡಿಸಬೇಕು. ಪರ್ಮಿಟ್ ಎಂಬುದು ವಲಸೆ ಇಲಾಖೆಯ ಉದ್ಯೋಗ ಅನುಮತಿಯಲ್ಲ. ನರ್ಸಿಂಗ್ ಬೋರ್ಡಿನವರು ಪರ್ಮಿಟ್ ಕೊಟ್ಟರೆಂದು ವೀಸಾದ ಷರತ್ತು ಸಡಿಲವಾಗುವುದಿಲ್ಲ. ಪ್ರಶ್ನೆ ಕೇಳಿದವರ ಬಳಿ ಉದ್ಯೋಗ ಅನುಮತಿ ಇದೆ, ಸರಿ. ಆದರೆ ಇದನ್ನು ಓದುವ ಉಳಿದವರು ಎರಡನ್ನೂ ಒಂದೆಂದು ಭಾವಿಸಬಾರದು.

ಇನ್ನೊಂದು, ಪರ್ಮಿಟ್ ಆ ರಾಜ್ಯದ ಗಡಿ ದಾಟುವುದಿಲ್ಲ. ನರ್ಸ್ ಲೈಸೆನ್ಸರ್ ಕಾಂಪ್ಯಾಕ್ಟ್ ಎಂಬ ಒಪ್ಪಂದದಲ್ಲಿ 40ಕ್ಕೂ ಹೆಚ್ಚು ರಾಜ್ಯಗಳಿವೆ. ಅದರ ಪರಿಷ್ಕೃತ ರೂಪ 2018ರ ಜನವರಿ 19ರಿಂದ ಜಾರಿಯಲ್ಲಿದೆ. ಕಾಂಪ್ಯಾಕ್ಟ್ ರಾಜ್ಯದ ಬಹುರಾಜ್ಯ ಲೈಸೆನ್ಸ್ ಇದ್ದವರು ಉಳಿದ ಸದಸ್ಯ ರಾಜ್ಯಗಳಲ್ಲಿಯೂ ಕೆಲಸ ಮಾಡಬಹುದು. ತಾತ್ಕಾಲಿಕ ಪರ್ಮಿಟ್ಟಿಗೆ ಆ ಸೌಲಭ್ಯ ಇಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳು ಒಪ್ಪಂದದಲ್ಲಿಯೇ ಇಲ್ಲದಿರುವುದರಿಂದ ಅಲ್ಲಿಯ ಪೂರ್ಣ ಲೈಸೆನ್ಸಿಗೂ ಇಲ್ಲ.

ಬಿಳಿಕೋಟು

ಮೂವರಿಗೂ ಧನ್ಯವಾದಗಳು. ನಾನು ಪರ್ಮಿಟ್ಟಿನ ಯೋಚನೆಯನ್ನು ಬಹುಮಟ್ಟಿಗೆ ಬಿಟ್ಟಂತೆಯೇ. ಹಾಗಿದ್ದರೆ ನ್ಯೂಯಾರ್ಕಿನ ಲೈಸೆನ್ಸ್ ಪಡೆದು ಟೆಕ್ಸಸ್‌ಗೆ ಹೋದಾಗ ಮತ್ತೆ ಎನ್‌ಕ್ಲೆಕ್ಸ್ ಬರೆಯಬೇಕೇ? ಆ ನಡುವಿನ ಅವಧಿಯಲ್ಲಿ ಕೆಲಸವಿಲ್ಲದೆ ಕೂರಬೇಕೇ? ಇನ್ನೊಂದು ಸಣ್ಣ ಅನುಮಾನ: ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿವೆ, ಪಾಸ್‌ಪೋರ್ಟಿನಲ್ಲಿ ಅವು ತಂದೆಯ ಹೆಸರು ಮತ್ತು ಊರಿನ ಹೆಸರಾಗಿ ವಿಸ್ತಾರಗೊಂಡಿವೆ. ಇದರಿಂದ ತೊಂದರೆಯಾದೀತೇ?

ಹಿರಿಯ ಸಿಸ್ಟರ್

ಎನ್‌ಕ್ಲೆಕ್ಸ್ ಜೀವಮಾನದಲ್ಲಿ ಒಮ್ಮೆ ಉತ್ತೀರ್ಣರಾದರೆ ಸಾಕು. ಬೇರೆ ರಾಜ್ಯಕ್ಕೆ ಹೋದಾಗ ಎಂಡೋರ್ಸ್‌ಮೆಂಟ್ ಮೂಲಕ ಅರ್ಜಿ ಹಾಕುತ್ತೀರಿ: ಮೊದಲ ರಾಜ್ಯದ ಲೈಸೆನ್ಸನ್ನು ಆಧಾರವಾಗಿಟ್ಟು ಎರಡನೆಯ ರಾಜ್ಯ ತನ್ನ ಲೈಸೆನ್ಸ್ ಕೊಡುತ್ತದೆ. ಟೆಕ್ಸಸ್‌ನವರು ಬೆರಳಚ್ಚು ಕೇಳುತ್ತಾರೆ, ಜೊತೆಗೆ ಆ ರಾಜ್ಯದ ನರ್ಸಿಂಗ್ ಕಾನೂನಿನ ಮೇಲೆ ಒಂದು ಆನ್‌ಲೈನ್ ಪರೀಕ್ಷೆ ಇದೆ.

ತಾತ್ಕಾಲಿಕ ಅನುಮತಿಯ ಎರಡನೆಯ ಬಗೆ ಬರುವುದು ಇಲ್ಲಿ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥವರಿಗೆ ಉಪಯೋಗಕ್ಕೆ ಬರುವುದೂ ಇದೇ. ಎಂಡೋರ್ಸ್‌ಮೆಂಟ್ ಅರ್ಜಿದಾರರಿಗೆ ಟೆಕ್ಸಸ್ 120 ದಿನಗಳ ತಾತ್ಕಾಲಿಕ ಲೈಸೆನ್ಸ್ ಕೊಡುತ್ತದೆ, ಕ್ಯಾಲಿಫೋರ್ನಿಯಾ ಆರು ತಿಂಗಳಿನದು ಕೊಡುತ್ತದೆ. ಇದನ್ನು ಪಡೆದವರು ಆಗಲೇ ಪರೀಕ್ಷೆ ಪಾಸಾದ ಆರ್‌ಎನ್ ಆಗಿರುವುದರಿಂದ ಅನುತ್ತೀರ್ಣರಾಗುವ ಭಯವಿಲ್ಲ. ಉಳಿದಿರುವುದು ಕಾಗದಪತ್ರಗಳ ಓಡಾಟ ಮಾತ್ರ. ಊರುಬಿಟ್ಟು ಹೋದ ಮೇಲೆ ಅರ್ಜಿ ಹಾಕುವ ಬದಲು, ಸ್ಥಳಾಂತರ ಖಚಿತವಾದ ಕೂಡಲೇ ಹಾಕಿಬಿಡಿ.

ಟೆಕ್ಸಸ್ ಕಾಂಪ್ಯಾಕ್ಟ್ ರಾಜ್ಯ. ಅಲ್ಲಿ ವಾಸ ಸ್ಥಾಪಿಸಿ, ಒಪ್ಪಂದದ ಏಕರೂಪ ಅರ್ಹತೆಗಳನ್ನು ಪೂರೈಸಿದರೆ ಬಹುರಾಜ್ಯ ಲೈಸೆನ್ಸಿಗೆ ಅರ್ಹರಾಗುತ್ತೀರಿ. ಮುಂದೊಂದು ದಿನ ಅಲ್ಲಿಂದ ಇನ್ನೊಂದು ಕಾಂಪ್ಯಾಕ್ಟ್ ರಾಜ್ಯಕ್ಕೆ ಮನೆ ಬದಲಿಸಿದರೆ, 2024ರ ಜನವರಿ 2ರಿಂದ ಜಾರಿಗೆ ಬಂದ ನಿಯಮದಂತೆ 60 ದಿನಗಳ ಒಳಗೆ ಹೊಸ ರಾಜ್ಯದಲ್ಲಿ ಅರ್ಜಿ ಹಾಕಬೇಕು. ಹಳೆಯ ಲೈಸೆನ್ಸಿನ ಅವಧಿ ಇನ್ನೂ ಉಳಿದಿದೆಯಲ್ಲ ಎಂದು ಸುಮ್ಮನಿರುವಂತಿಲ್ಲ.

ಕಡತ ನೋಡುವವರು

ಹೆಸರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ಸಣ್ಣ ಅನುಮಾನವಲ್ಲ. ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯ ಹೆಸರು ಎಟಿಟಿಯಲ್ಲಿರುವ ಹೆಸರಿಗೆ ಹೊಂದಿಕೆಯಾಗಬೇಕು. ಆಗದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಶುಲ್ಕವೂ ಹೋಗುತ್ತದೆ. ಕನ್ನಡಿಗರಲ್ಲಿ ಮನೆತನದ ಹೆಸರು ಇಲ್ಲದವರೇ ಹೆಚ್ಚು. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮದುವೆಯ ನಂತರ ಪತಿಯ ಹೆಸರು, ಹೀಗೆ ಒಬ್ಬರಿಗೇ ಮೂರು ಹೆಸರುಗಳಾಗುತ್ತವೆ. ಪಾಸ್‌ಪೋರ್ಟಿನಲ್ಲಿ ಇರುವುದು ಹೇಗಿದೆಯೋ ಹಾಗೆಯೇ ಲೈಸೆನ್ಸಿನ ಅರ್ಜಿಯಲ್ಲಿಯೂ ಪರೀಕ್ಷೆಯ ನೋಂದಣಿಯಲ್ಲಿಯೂ ಬರೆಯಿರಿ. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಸಿದ್ಧಪಡಿಸಿಕೊಂಡು, ದಾಖಲೆ ಪರಿಶೀಲಿಸುವ ಸಂಸ್ಥೆಗೆ ಅವರು ಕೇಳುವ ಮೊದಲೇ ಸಲ್ಲಿಸಿ.

ಊರಿನ ನೋಂದಣಿಯನ್ನೂ ಮರೆಯಬೇಡಿ. ಅಮೆರಿಕಕ್ಕೆ ಬಂದಾಯಿತು, ಇನ್ನೇಕೆ ಎಂದು ಭಾರತದ ನೋಂದಣಿಯ ನವೀಕರಣವನ್ನು ಕೈಬಿಟ್ಟವರಿಗೆ, ಆ ನೋಂದಣಿಯನ್ನು ದೃಢೀಕರಿಸಿ ಎಂಬ ಪತ್ರ ಬಂದಾಗ ಕೈಕಾಲು ಆಡುವುದಿಲ್ಲ. ಕನಿಷ್ಠ ಇಲ್ಲಿಯ ಲೈಸೆನ್ಸ್ ಕೈಗೆ ಬರುವವರೆಗಾದರೂ ಅದನ್ನು ಚಾಲ್ತಿಯಲ್ಲಿಡಿ.

ಎರಡನೇ ಸುತ್ತು

ಈ ಚರ್ಚೆಯಲ್ಲಿ ನವೀಕರಣದ ಭಾಗಕ್ಕೆ ಇನ್ನೂ ಯಾರೂ ಕೈಹಾಕದಿರುವುದರಿಂದ ನಾನು ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡೂ ರಾಜ್ಯಗಳ ಲೈಸೆನ್ಸ್ ನನ್ನಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ನವೀಕರಣ, 30 ಗಂಟೆಗಳ ಶಿಕ್ಷಣ. ಲೈಸೆನ್ಸ್ ಮುಗಿಯುವುದು ನಿಮ್ಮ ಜನ್ಮತಿಂಗಳ ಮುಂದಿನ ತಿಂಗಳ ಕೊನೆಯ ದಿನ. ಟೆಕ್ಸಸ್‌ನಲ್ಲಿಯೂ ಎರಡು ವರ್ಷಕ್ಕೊಮ್ಮೆ, ಆದರೆ 20 ಗಂಟೆ. ಮುಗಿಯುವುದು ಜನ್ಮತಿಂಗಳಿನದೇ ಕೊನೆಯ ದಿನ, ಸಮವರ್ಷದಲ್ಲಿ ಹುಟ್ಟಿದವರಿಗೆ ಸಮವರ್ಷದಲ್ಲಿ, ಬೆಸವರ್ಷದಲ್ಲಿ ಹುಟ್ಟಿದವರಿಗೆ ಬೆಸವರ್ಷದಲ್ಲಿ. ಈ ಲೆಕ್ಕದಿಂದಾಗಿ ಟೆಕ್ಸಸ್‌ನ ಮೊದಲ ಲೈಸೆನ್ಸಿನ ಅವಧಿ ಆರು ತಿಂಗಳಿನಿಂದ 29 ತಿಂಗಳವರೆಗೆ ಎಷ್ಟಾದರೂ ಇರಬಹುದು. ಲೈಸೆನ್ಸ್ ಎಂದರೆ ಎರಡು ವರ್ಷ ಎಂದು ನಂಬಿ ಕುಳಿತವರು ಮೊದಲ ಸಲವೇ ಎಡವುವುದು ಇಲ್ಲಿ. ಫ್ಲೋರಿಡಾದಲ್ಲಿ 24 ಗಂಟೆ ಕೇಳುತ್ತಾರೆ, ಅದರೊಳಗೆ ವೈದ್ಯಕೀಯ ತಪ್ಪುಗಳ ತಡೆ, ರಾಜ್ಯದ ಕಾನೂನು, ಮಾನವ ಕಳ್ಳಸಾಗಣೆ ಇಂಥ ನಿಗದಿತ ವಿಷಯಗಳೂ ಇರಬೇಕು.

ನ್ಯೂಯಾರ್ಕಿನ ರೀತಿಯೇ ಬೇರೆ. ಅಲ್ಲಿ ಲೈಸೆನ್ಸ್ ಒಮ್ಮೆ ಬಂದರೆ ಜೀವಮಾನಕ್ಕೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಾದದ್ದು ನೋಂದಣಿ. ಸಾಮಾನ್ಯ ಆರ್‌ಎನ್‌ಗೆ ಗಂಟೆಗಳ ಲೆಕ್ಕವಿಲ್ಲ ಎಂದು ನಿಮಗೆ ಹೇಳಿದವರು ಈ ರಾಜ್ಯದವರೇ ಇರಬೇಕು. ಆದರೆ ಸೋಂಕು ನಿಯಂತ್ರಣದ ತರಬೇತಿಯನ್ನು ನಾಲ್ಕು ವರ್ಷಕ್ಕೊಮ್ಮೆ ಮಾಡಬೇಕು. ಜೀವಮಾನದ ಲೈಸೆನ್ಸ್ ಎಂಬ ಮಾತನ್ನು ಹಿಡಿದುಕೊಂಡು ನೋಂದಣಿ ಇಲ್ಲದೆ ಕೆಲಸ ಮಾಡಿದರೆ ಅದು ಕಾನೂನುಬಾಹಿರವೇ.

ಯಾವ ತರಬೇತಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಹೃದಯಸ್ತಂಭನದಂಥ ತುರ್ತಿನಲ್ಲಿ ಜೀವ ಉಳಿಸುವ ಉನ್ನತ ತರಬೇತಿಯಾದ ಎಸಿಎಲ್‌ಎಸ್ ಗಂಟೆಗಳು ಸಾಮಾನ್ಯವಾಗಿ ಸಲ್ಲುತ್ತವೆ. ಅದರ ಪ್ರಾಥಮಿಕ ಹಂತವಾದ, ಪ್ರತಿಯೊಬ್ಬರೂ ಮಾಡಲೇಬೇಕಾದ ಬಿಎಲ್‌ಎಸ್ ಸಲ್ಲುವುದಿಲ್ಲ. ಆಸ್ಪತ್ರೆಯ ಓರಿಯಂಟೇಶನ್ ಸಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದವರು ಪ್ರಮಾಣಪತ್ರಗಳನ್ನು ನಾಲ್ಕು ವರ್ಷ ಇಟ್ಟುಕೊಳ್ಳಬೇಕೆನ್ನುತ್ತಾರೆ. ನವೀಕರಣದ ಸಮಯದಲ್ಲಿ ಅವನ್ನು ಕಳುಹಿಸುವುದಿಲ್ಲ, ಪೂರೈಸಿದ್ದೇನೆ ಎಂದು ಘೋಷಿಸಿದರೆ ಸಾಕು. ಆಡಿಟ್‌ಗೆ ಹೆಸರು ಬಂದಾಗ ಮಾತ್ರ ತೋರಿಸಬೇಕು. ಹಾಗೆಂದು ಮಾಡದ ಗಂಟೆಗಳನ್ನು ಮಾಡಿದ್ದೇನೆಂದು ಘೋಷಿಸುವುದು, ತಡವಾಗಿ ನವೀಕರಿಸುವುದಕ್ಕಿಂತ ಬಹಳ ದೊಡ್ಡ ಅಪರಾಧ.

ರಾತ್ರಿಪಾಳಿ

ಎರಡನೇ ಸುತ್ತಿನವರಿಗೆ ಒಂದು ಪ್ರಶ್ನೆ. ಅವಧಿ ಮುಗಿದ ಮೇಲೆಯೂ ದಂಡ ಕಟ್ಟಿ ನವೀಕರಿಸಲು ಸಮಯ ಕೊಡುತ್ತಾರಲ್ಲ, ಆ ದಿನಗಳಲ್ಲಿ ಕೆಲಸ ಮಾಡಬಹುದೆಂದು ನಮ್ಮ ಘಟಕದ ಒಬ್ಬರು ವಾದಿಸುತ್ತಾರೆ. ಇದು ಸರಿಯೇ?

ಕಡತ ನೋಡುವವರು

ಇದಕ್ಕೆ ನಾನೇ ಉತ್ತರಿಸಬೇಕು, ಏಕೆಂದರೆ ಈ ವಾದವನ್ನು ಎದುರಿಸುವುದು ನನ್ನ ಕೆಲಸದ ಭಾಗವೇ ಆಗಿದೆ. ತಡವಾಗಿ ಹಣ ಕಟ್ಟಲು ಇರುವ ಅವಧಿ ಬೇರೆ, ಕೆಲಸ ಮಾಡುವ ಹಕ್ಕು ಬೇರೆ. ಟೆಕ್ಸಸ್, ಕ್ಯಾಲಿಫೋರ್ನಿಯಾ ಎರಡೂ ಕಡೆ ಲೈಸೆನ್ಸ್ ಮುಗಿದ ಮರುದಿನ ಪಾಳಿಗೆ ಬಂದರೆ ಅದು ಲೈಸೆನ್ಸ್ ಇಲ್ಲದ ಕೆಲಸ. ಅಂದು ಕೊಟ್ಟ ಪ್ರತಿಯೊಂದು ಔಷಧವೂ ಪ್ರಶ್ನಾರ್ಹವಾಗುತ್ತದೆ. ಬೋರ್ಡಿನ ಶಿಸ್ತುಕ್ರಮ ಒಂದು ಕಡೆಯಾದರೆ, ಆ ದಾಖಲೆ ಮುಂದೆ ಹಾಕುವ ಪ್ರತಿಯೊಂದು ಎಂಡೋರ್ಸ್‌ಮೆಂಟ್ ಅರ್ಜಿಯಲ್ಲಿಯೂ ಬೆನ್ನು ಬಿಡುವುದಿಲ್ಲ. ನಾವು ಅಂಥವರನ್ನು ಪಾಳಿಯ ಪಟ್ಟಿಯಿಂದ ತೆಗೆದಾಗ ನಮ್ಮ ಮೇಲೆ ಸಿಟ್ಟಾಗುತ್ತಾರೆ. ಆಸ್ಪತ್ರೆಯವರು ನೆನಪಿಸಲಿಲ್ಲ, ಬೋರ್ಡಿನ ನೋಟಿಸ್ ಬರಲಿಲ್ಲ ಎಂಬ ಎರಡೂ ಮಾತುಗಳನ್ನು ಬೋರ್ಡ್ ಕೇಳುವುದಿಲ್ಲ. ನವೀಕರಣದ ಹೊಣೆ ಲೈಸೆನ್ಸ್ ಇರುವವರದೇ. ಬೋರ್ಡುಗಳ ಒಕ್ಕೂಟ ನಡೆಸುವ ನರ್ಸಿಸ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಇ-ನೋಟಿಫೈ ಸೇವೆಗೆ ಹೆಸರು ಕೊಟ್ಟರೆ, ಅವಧಿ ಮುಗಿಯುವ ಮುನ್ನ ಉಚಿತವಾಗಿ ಸೂಚನೆ ಬರುತ್ತದೆ. ಅದಕ್ಕಿಂತ ಮೊದಲು ಬೋರ್ಡಿನಲ್ಲಿರುವ ನಿಮ್ಮ ವಿಳಾಸ ಹಾಗೂ ಇಮೇಲ್ ಸರಿಯಿದೆಯೇ ನೋಡಿ. ಮನೆ ಬದಲಿಸಿದ 30 ದಿನಗಳೊಳಗೆ ಹೊಸ ವಿಳಾಸ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದ ನಿಯಮವಿದೆ.

ತೊಟ್ಟಿಲು

ನನ್ನದು ಸ್ವಲ್ಪ ಭಿನ್ನವಾದ ಸಂದರ್ಭ. ಮಗು ಚಿಕ್ಕದಿರುವುದರಿಂದ ಮೂರ್ನಾಲ್ಕು ವರ್ಷ ಕೆಲಸದಿಂದ ದೂರವಿರಬೇಕೆಂದಿದ್ದೇನೆ. ಕ್ಯಾಲಿಫೋರ್ನಿಯಾ ಲೈಸೆನ್ಸನ್ನು ಹಾಗೆಯೇ ಮುಗಿಯಲು ಬಿಡಬಹುದೇ?

ಎರಡನೇ ಸುತ್ತು

ಬಿಡಬೇಡಿ, ಇನಾಕ್ಟಿವ್, ಅಂದರೆ ನಿಷ್ಕ್ರಿಯ ಮಾಡಿಸಿ. ಕ್ಯಾಲಿಫೋರ್ನಿಯಾದಲ್ಲಿ ಇನಾಕ್ಟಿವ್ ಲೈಸೆನ್ಸಿಗೆ ನವೀಕರಣ ಶುಲ್ಕ ಕಟ್ಟಬೇಕು, ಆದರೆ 30 ಗಂಟೆಗಳ ಶಿಕ್ಷಣದಿಂದ ವಿನಾಯಿತಿ ಇದೆ. ಆ ಸ್ಥಿತಿಯಲ್ಲಿ ಕೆಲಸ ಮಾಡುವಂತಿಲ್ಲ. ಮತ್ತೆ ಕೆಲಸಕ್ಕೆ ಬರುವಾಗ ಗಂಟೆಗಳನ್ನು ಪೂರೈಸಿ ಸಕ್ರಿಯಗೊಳಿಸಿದರಾಯಿತು. ಹಾಗೆಯೇ ಮುಗಿಯಲು ಬಿಟ್ಟು ಎಂಟು ವರ್ಷ ದಾಟಿಸಿದವರಿಗೆ ಮರಳುವ ದಾರಿ ಬಹಳ ಕಷ್ಟದ್ದಾಗುತ್ತದೆ. ನ್ಯೂಯಾರ್ಕಿನವರಾದರೆ, ಆ ರಾಜ್ಯದಲ್ಲಿ ಕೆಲಸ ಮಾಡುತ್ತಿಲ್ಲವೆಂದು ತಿಳಿಸಿ ನೋಂದಣಿಯನ್ನು ನಿಷ್ಕ್ರಿಯವಾಗಿಡಬಹುದು. ಬಿಳಿಕೋಟು ಅವರು ಟೆಕ್ಸಸ್‌ಗೆ ಹೋದ ಮೇಲೆ ಇದನ್ನು ಯೋಚಿಸಬಹುದು, ಎರಡೂ ಕಡೆ ಹಣ ಕಟ್ಟುವುದು ತಪ್ಪುತ್ತದೆ.

ಹಿರಿಯ ಸಿಸ್ಟರ್

ಒಂದು ಎಚ್ಚರಿಕೆ. ನಾವು ಬೋರ್ಡಿನವರು, ನಿಮ್ಮ ಲೈಸೆನ್ಸ್ ಅಮಾನತಾಗಿದೆ, ಕೂಡಲೇ ಹಣ ಕಟ್ಟಿ ಎಂದು ಹೆದರಿಸುವ ದೂರವಾಣಿ ಕರೆಗಳು ನರ್ಸ್‌ಗಳಿಗೆ ಬರುತ್ತಿರುತ್ತವೆ. ಇಂಥ ವಂಚನೆಯ ಬಗ್ಗೆ ಬೋರ್ಡುಗಳೇ ಎಚ್ಚರಿಸಿವೆ. ಯಾವ ಬೋರ್ಡೂ ಫೋನಿನಲ್ಲಿ ಹಣ ಕೇಳುವುದಿಲ್ಲ. ಹಾಗೆಯೇ ದಾಖಲೆಗಳ ಪರಿಶೀಲನೆ ಬೇಗ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳನ್ನೂ ದೂರವಿಡಿ. 2023ರ ಜನವರಿಯಲ್ಲಿ ಫ್ಲೋರಿಡಾದ ಮೂರು ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಪ್ರಮಾಣಪತ್ರಗಳು ಮಾರಾಟವಾಗಿದ್ದ ಪ್ರಕರಣ ಬಯಲಾದ ಮೇಲೆ, ದಾಖಲೆಗಳು ನೇರವಾಗಿ ಕಾಲೇಜಿನಿಂದಲೇ ಬರಬೇಕೆಂಬ ಪಟ್ಟು ಎಷ್ಟು ಅಗತ್ಯವೆಂದು ಎಲ್ಲರಿಗೂ ಅರ್ಥವಾಗಿದೆ. ಆ ನಿಧಾನಕ್ಕೆ ಬೈಯುವವರಲ್ಲಿ ನಾನೂ ಒಬ್ಬಳು. ಆದರೂ ಅದು ಬೇಕು.

ಬಿಳಿಕೋಟು

ಎಲ್ಲರ ಮಾತನ್ನೂ ಓದಿದ ಮೇಲೆ, ಪರ್ಮಿಟ್ಟಿಗೆ ಅರ್ಜಿ ಹಾಕದೆ ಎಟಿಟಿ ಬರುವವರೆಗೆ ಓದುವುದೆಂದು ನಿರ್ಧರಿಸಿದ್ದೇನೆ. ಪಾಸ್‌ಪೋರ್ಟಿನ ಹೆಸರಿನಂತೆ ಅರ್ಜಿಯನ್ನು ತಿದ್ದಲು ಇಂದು ಪತ್ರ ಬರೆಯುತ್ತೇನೆ. ಎಟಿಟಿ ಬಂದ ಮೇಲೆ ಪರೀಕ್ಷೆಯನ್ನು ಎಷ್ಟು ದಿನ ಮುಂದೂಡಬಹುದು ಎಂಬುದೊಂದು ಪ್ರಶ್ನೆ ಉಳಿದಿದೆ.

ಕಡತ ನೋಡುವವರು

ಎಟಿಟಿಯ ಮೇಲೆಯೇ ಅದರ ಅವಧಿಯ ದಿನಾಂಕಗಳು ಅಚ್ಚಾಗಿರುತ್ತವೆ, ಆ ಅವಧಿಯನ್ನು ವಿಸ್ತರಿಸುವುದಿಲ್ಲ. ಅವಧಿಯೊಳಗೆ ಬರೆಯದಿದ್ದರೆ ಮತ್ತೆ ನೋಂದಾಯಿಸಿಕೊಂಡು 200 ಡಾಲರ್ ಪರೀಕ್ಷಾ ಶುಲ್ಕವನ್ನು ಮತ್ತೊಮ್ಮೆ ಕಟ್ಟಬೇಕಾಗುತ್ತದೆ. ಆದ್ದರಿಂದ ಎಟಿಟಿ ಕೈಗೆ ಬಂದ ದಿನವೇ ಕೇಂದ್ರದಲ್ಲಿ ದಿನಾಂಕ ಗೊತ್ತುಪಡಿಸಿಕೊಳ್ಳಿ, ಸಿಸ್ಟರ್. ಅನುಕೂಲವಿಲ್ಲದಿದ್ದರೆ ಅದೇ ಅವಧಿಯೊಳಗೆ ದಿನಾಂಕ ಬದಲಿಸಿಕೊಳ್ಳಲು ಅವಕಾಶವಿದೆ.